ಹಳೇ ಜೀಪಿಗೆ ಯಾವ ಎಂಜಿನ್?

ಹಳೆಯ ಸಿಜೆ-3ಬಿ ಜೀಪಿನ ಬಾನೆಟ್ ಯಾಕೆ ಅಷ್ಟು ಎತ್ತರ? ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಮೂತಿ ತಗ್ಗಾಗಿ, ಚಪ್ಪಟೆಯಾಗಿ ಇತ್ತು. ಇದರದ್ದು ಗಲ್ಲ ಊದಿಸಿಕೊಂಡ ಮುಖ. ಚೆಂದಕ್ಕೆಂದು ಯಾರೂ ಹಾಗೆ ಮಾಡಿದ್ದಲ್ಲ. 1953ರಲ್ಲಿ ಅಮೆರಿಕದ ವಿಲ್ಲಿಸ್ ಕಂಪನಿ ತನ್ನ ‘ಗೋ ಡೆವಿಲ್’ ಎಂಜಿನ್ ತೆಗೆದು ‘ಹರಿಕೇನ್’ ಎಂಬ ಇನ್ನೊಂದನ್ನು ಅದೇ ಪುಟ್ಟ ಗಾಡಿಗೆ ಕೂರಿಸಲು ಹೊರಟಿತು. ಹರಿಕೇನ್‌ನಲ್ಲಿ ಗಾಳಿ ಒಳಗೆಳೆಯುವ ವಾಲ್ವುಗಳು ಬ್ಲಾಕಿನ ಮಗ್ಗುಲು ಬಿಟ್ಟು ಮೇಲೆ ಹೆಡ್ಡಿಗೆ ಏರಿದ್ದವು. ಎಂಜಿನ್ ಎತ್ತರವಾಯಿತು, ಹಳೆಯ ಬಾನೆಟ್ ಮುಚ್ಚಲಿಲ್ಲ, ಬಾನೆಟ್ಟನ್ನೇ ಎತ್ತರಿಸಿದರು. ಮಹೀಂದ್ರದವರು ಆ ವಿನ್ಯಾಸವನ್ನು ಇಲ್ಲಿಗೆ ತಂದು ದಶಕಗಟ್ಟಲೆ ತಯಾರಿಸಿದರು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಜೀಪು ಅಂದರೆ ಇದೇ ಎಂದು ತಲೆಮಾರುಗಳು ನಂಬಿದ ಮುಖ ಹುಟ್ಟಿದ್ದು ಎಂಜಿನ್ ಬದಲಾವಣೆಯಿಂದ.

ಆದ್ದರಿಂದ ‘ಒರಿಜಿನಲ್ ಎಂಜಿನ್ ತೆಗೆದರೆ ಜೀಪಿನ ಮಾನ ಹೋಯಿತು’ ಎನ್ನುವವರ ಮಾತನ್ನು ನಾನು ತೀರಾ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ತಯಾರಕರೇ ಆ ಮಡಿಯನ್ನು ಪಾಲಿಸಲಿಲ್ಲ. ಮೊದಲು ಪೆಟ್ರೋಲ್ ಹರಿಕೇನ್ ಇತ್ತು. 1973ರ ನಂತರ ಎಣ್ಣೆಯ ಬೆಲೆ ಏರಿತು, ಪೆಟ್ರೋಲ್ ಜೀಪು ಸಾಕುವುದು ಕಷ್ಟವಾಯಿತು. ಮಹೀಂದ್ರಕ್ಕೆ ಅರವತ್ತರ ದಶಕದಿಂದಲೇ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜತೆ ಟ್ರ್ಯಾಕ್ಟರಿನ ಸಂಬಂಧವಿತ್ತು. ಉಳುವ ಯಂತ್ರಕ್ಕೆಂದು ಹುಟ್ಟಿದ ಆ ಡೀಸೆಲ್ ಎಂಜಿನ್ನೇ ಜೀಪಿನೊಳಗೆ ಬಂತು. 1979ರಲ್ಲಿ ಫ್ರಾನ್ಸಿನ ಪ್ಯೂಜೋ ಕಂಪನಿಯ ಜತೆ ಒಪ್ಪಂದವಾಗಿ 2,112 ಸಿಸಿಯ ಎಕ್ಸ್‌ಡಿಪಿ 4.90 ಬಂತು; ಆಮೇಲೆ ಅದರ ಅಣ್ಣ, 2,498 ಸಿಸಿಯ ಎಕ್ಸ್‌ಡಿ3ಪಿ; ಕೊನೆಗೆ ಕಂಪನಿಯದೇ 2,523 ಸಿಸಿಯ ಡಿಐ. ಹೆಚ್ಚುಕಡಿಮೆ ಒಂದೇ ವಂಶದ ಚಾಸಿಗೆ ಇಷ್ಟು ಹೃದಯಗಳು. ಬದಲಿಸಬೇಕೋ ಬೇಡವೋ ಎಂಬ ಚರ್ಚೆಯನ್ನು ಕಾರ್ಖಾನೆಯೇ ಮುಗಿಸಿಬಿಟ್ಟಿದೆ. ಈಗ ಉಳಿದಿರುವುದು ಯಾವುದಕ್ಕೆ ಬದಲಿಸಬೇಕು ಎಂಬುದು.

ಎಂಜಿನ್ ಬೋರಿಗೆ ಬಂದ ಗಾಡಿಯನ್ನು ಗ್ಯಾರೇಜಿಗೆ ತಂದು ನಿಲ್ಲಿಸಿದ ದಿನ ಸಾಮಾನ್ಯವಾಗಿ ಕೇಳಿಬರುವ ಮೊದಲ ಮಾತು, ‘ಎಷ್ಟು ಎಚ್‌ಪಿ ಹಾಕೋಣ?’ ನನ್ನ ತಕರಾರು ಇರುವುದು ಈ ಮಾತಿನ ಮೇಲೆ. ಹಳೆಯ ಫೋರ್ ವೀಲ್ ಗಾಡಿಗೆ ಎಂಜಿನ್ ಆರಿಸುವಾಗ ಅಶ್ವಶಕ್ತಿ ಕೊನೆಯಲ್ಲಿ ಬರಬೇಕಾದ ಲೆಕ್ಕ. ಗೇರ್‌ಬಾಕ್ಸು, ಆಕ್ಸಲ್ಲು, ಬ್ರೇಕು ಏನನ್ನು ತಾಳುತ್ತವೆ, ಇನ್ನು ಹದಿನೈದು ವರ್ಷದ ಮೇಲೆ ಪಿಸ್ಟನ್ ರಿಂಗು ಯಾವ ಅಂಗಡಿಯಲ್ಲಿ ಸಿಗುತ್ತದೆ, ಆರ್‌ಸಿ ಪುಸ್ತಕ ಏನು ಹೇಳುತ್ತದೆ, ಇವು ಮೊದಲು. ಈ ಕ್ರಮದಲ್ಲಿ ಹೋದರೆ ಬರುವ ಉತ್ತರದಲ್ಲಿ ಯಾವ ಥ್ರಿಲ್ಲೂ ಇಲ್ಲ: ಇರುವ ಎಂಜಿನ್ನನ್ನೇ ಕೆಲಸ ಮಾಡಿಸಿ, ಅದು ಆಗದಿದ್ದರೆ ಅದೇ ಕಂಪನಿ ಅದೇ ಜಾತಿಯ ಗಾಡಿಗೆ ಮುಂದೆ ಹಾಕಿದ ಎಂಜಿನ್ ಹಾಕಿ.

ಯಾಕೆ ಎಂಬುದಕ್ಕೆ ಒಂದಷ್ಟು ಅಂಕಗಣಿತ ಬೇಕು.

5.38ರ ಡಿಫರೆನ್ಷಿಯಲ್ ಇರುವ ಹಳೆಯ ಸಿಜೆಯನ್ನು ತೆಗೆದುಕೊಳ್ಳಿ. ಅದರ ಟಿ-90 ಗೇರ್‌ಬಾಕ್ಸಿನ ಮೊದಲ ಗೇರು ಸುಮಾರು 2.8. ಡಬಲ್ ಗೇರಿನ ಲೋ ಹಾಕಿದರೆ ಅದು ಮತ್ತೆ 2.46 ಪಟ್ಟು. ಮೂರನ್ನೂ ಗುಣಿಸಿದರೆ 37. ಅಂದರೆ ಎಂಜಿನ್ 37 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ಎಂಜಿನ್ನಿನ ತಿರುಚುಬಲ ಚಕ್ರ ಮುಟ್ಟುವಾಗ 37 ಪಟ್ಟು. ಈ ಗಾಡಿಗೆ ಇದ್ದುದರಲ್ಲಿ ಬಡಪಾಯಿ ಎನಿಸಿಕೊಂಡ ಸಣ್ಣ ಪ್ಯೂಜೋ ಎಂಜಿನ್ ಹಾಕಿದ್ದೀರಿ ಎಂದುಕೊಳ್ಳೋಣ. ಅದರ ಟಾರ್ಕ್ 2,000 ಆರ್‌ಪಿಎಂನಲ್ಲಿ ಸುಮಾರು 121 ನ್ಯೂಟನ್ ಮೀಟರ್. ಗುಣಿಸಿ, ಗೇರುಗಳ ತಿಕ್ಕಾಟಕ್ಕೆಂದು ಐದರಲ್ಲೊಂದು ಪಾಲು ಕಳೆದರೂ ಚಕ್ರಗಳಿಗೆ 3,500 ನ್ಯೂಟನ್ ಮೀಟರಿಗಿಂತ ಹೆಚ್ಚು ಸಿಗುತ್ತದೆ.

ಬೇಕಾಗುವುದೆಷ್ಟು? ಜನ, ಗೊಬ್ಬರದ ಚೀಲ ಎಲ್ಲ ಸೇರಿ ಗಾಡಿ 1,600 ಕಿಲೋ ತೂಗುತ್ತದೆ ಎನ್ನಿ. 20 ಡಿಗ್ರಿ ಏರು, ಅಂದರೆ ಒಳಗೆ ಕೂತವರು ದೇವರ ಹೆಸರು ಹೇಳುವಷ್ಟು ಏರು. ಅದನ್ನು ಹತ್ತಲು ಗುರುತ್ವದ ವಿರುದ್ಧ ಬೇಕಾಗುವುದು ಸುಮಾರು 1,900 ನ್ಯೂಟನ್ ಮೀಟರ್. ಕೆಸರು, ಕಲ್ಲಿನ ಎಳೆತಕ್ಕೆ ಇನ್ನಷ್ಟು ಸೇರಿಸಿ. ಆದರೂ ಬಡಪಾಯಿ ಎಂಜಿನ್ನಿನ ಕೈಯಲ್ಲಿ ಮಿಕ್ಕುತ್ತದೆ. ಇನ್ನೊಂದು ಕಡೆಯಿಂದ ನೋಡಿ: ಒದ್ದೆ ಮಣ್ಣಿನ ಮೇಲೆ ನಾಲ್ಕೂ ಟೈರು ಹಿಡಿದುಕೊಂಡರೂ ನೆಲ ತಾಳುವ ಬಲ 2,200ರ ಆಸುಪಾಸು. ಅದರಾಚೆ ಕೊಟ್ಟದ್ದೆಲ್ಲ ಚಕ್ರ ಸುತ್ತಿ ಕೆಸರು ಹಾರಿಸುವುದಕ್ಕೆ. ಕೆಸರಿನಲ್ಲಿ ಜೀಪು ಸಿಕ್ಕಿಬಿದ್ದಾಗ ಸೋಲುವುದು ಟೈರೇ ಹೊರತು ಎಂಜಿನ್ ಅಲ್ಲ. ಸೋತದ್ದು ಯಾರೆಂದು ತಿಳಿಯದೆ ಎಂಜಿನ್ ಬದಲಿಸುವವರು ಲಕ್ಷಗಟ್ಟಲೆ ಸುರಿಯುತ್ತಾರೆ. ಒಳ್ಳೆಯ ಟೈರಿಗೆ ಅದರ ಒಂದು ಪಾಲು ಸಾಕಿತ್ತು.

ಈಗ ಅದೇ ಗಾಡಿಗೆ ಸ್ಕಾರ್ಪಿಯೋದ 2.2 ಲೀಟರ್ ಎಂಹಾಕ್ ಇಳಿಸಿದಿರಿ ಎನ್ನಿ. ಟಾರ್ಕ್ 290 ನ್ಯೂಟನ್ ಮೀಟರ್. ಕಾಗದದ ಮೇಲೆ ಚಕ್ರಕ್ಕೆ ಬರುವ ಬಲ ಎಂಟು ಸಾವಿರ ದಾಟಿತು. ನೆಲ ತಾಳುವುದು ಮಾತ್ರ ಅಷ್ಟೇ. ಮಿಕ್ಕ ಬಲ ಎಲ್ಲಿ ಹೋಗುತ್ತದೆ? ಚಕ್ರ ಸುಮ್ಮನೆ ಸುತ್ತುತ್ತಿದ್ದರೆ ತೊಂದರೆಯಿಲ್ಲ. ಸುತ್ತುತ್ತಾ ಸುತ್ತುತ್ತಾ ಒಂದು ಬಂಡೆಗೆ ಗಕ್ಕನೆ ಕಚ್ಚಿಕೊಂಡಿತೋ, ಆ ಕ್ಷಣ ಇಡೀ ಬಲ ಒಂದು ಆಕ್ಸಲ್ ಶಾಫ್ಟಿನ ಮೇಲೆ, ಒಂದು ಯೂನಿವರ್ಸಲ್ ಜಾಯಿಂಟಿನ ಮೇಲೆ ಬೀಳುತ್ತದೆ. ಹರಿಕೇನ್ ಎಂಜಿನ್ನಿನ ಗರಿಷ್ಠ ಟಾರ್ಕ್ 155ರ ಸುಮಾರು. ಟಿ-90 ದುಡಿಯಬೇಕಾದದ್ದು ಅಂಥ ಎಂಜಿನ್ನಿನ ಹಿಂದೆ. ಹೆಚ್ಚುಕಡಿಮೆ ಅದರ ದುಪ್ಪಟ್ಟು ಸುರಿದರೆ ಎಲ್ಲೋ ಒಂದು ಕಡೆ ಮುರಿಯಲೇಬೇಕು, ಮುರಿಯುವುದು ಮಳೆಗಾಲದ ಸಂಜೆ, ಊರಿನಿಂದ ದೂರ, ಏರಿನ ನಡುವೆ. ಎತ್ತು ಬದಲಿಸಿ ನೊಗ ಹಳೆಯದನ್ನೇ ಉಳಿಸಿದ ಬೇಸಾಯ ಇದು.

ಅಶ್ವಶಕ್ತಿಯ ಅಂಕಿ ಹೇಗೆ ದಾರಿ ತಪ್ಪಿಸುತ್ತದೆ ಎನ್ನುವುದಕ್ಕೆ ಜಿಪ್ಸಿಯನ್ನು ಪಕ್ಕದಲ್ಲಿಟ್ಟು ನೋಡಬಹುದು. ಮಾರುತಿ ಜಿಪ್ಸಿಯ 1.3 ಲೀಟರ್ ಎಂಪಿಎಫ್ಐ ಎಂಜಿನ್ 80 ಅಶ್ವಶಕ್ತಿಯದು. ಹರಿಕೇನ್ 70-75. ಅಂಕಿ ನೋಡಿದರೆ ಜಿಪ್ಸಿಯದು ಮೇಲು. ಆದರೆ ಜಿಪ್ಸಿ ತನ್ನ 103 ನ್ಯೂಟನ್ ಮೀಟರ್ ಟಾರ್ಕ್ ಕೊಡುವುದು 4,500 ಆರ್‌ಪಿಎಂಗೆ ಏರಿದ ಮೇಲೆ. ಹರಿಕೇನ್ ತನ್ನ 155ನ್ನು 2,000ದಲ್ಲೇ ಕೊಟ್ಟು ಮುಗಿಸುತ್ತದೆ. ಜಿಪ್ಸಿಯದ್ದು ಕೆಟ್ಟ ಎಂಜಿನ್ ಎಂದಲ್ಲ. ಗಾಡಿ ಹಗುರ, ಅದಕ್ಕೆ ತಕ್ಕ ಗೇರು, ಅದರ ಮನೆಯಲ್ಲಿ ಅದು ಸುಖವಾಗಿದೆ. ಅದನ್ನೇ ಕಿತ್ತು ಭಾರದ ಜೀಪಿಗೆ ಕೂರಿಸಿದರೆ ಪ್ರತಿ ಏರಿನಲ್ಲೂ ಕಿರುಚಿಸಬೇಕಾಗುತ್ತದೆ. ಏರಿನಲ್ಲಿ ಬೇಕಾದುದು ಕೆಳಗಿನ ಆರ್‌ಪಿಎಂನಲ್ಲಿ ಎಂಜಿನ್ ಎಷ್ಟು ಜಗ್ಗುತ್ತದೆ ಎಂಬ ಗುಣ. ಕರಪತ್ರದಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚಾಗುವ ಅಂಕಿ ಅದಲ್ಲ.

ಹಾಗಾದರೆ ಜನ ಯಾಕೆ ಪಿಕಪ್ ಪಿಕಪ್ ಎಂದು ಹಂಬಲಿಸುತ್ತಾರೆ? ಅವರೆಲ್ಲ ದಡ್ಡರಲ್ಲ. ಕಾರಣ ಕಾಡಿನ ದಾರಿಯಲ್ಲಿಲ್ಲ, ಡಾಂಬರು ರಸ್ತೆಯಲ್ಲಿದೆ. ಮೂವತ್ತು ವರ್ಷದ ಹಿಂದೆ ತೋಟದಿಂದ ಪೇಟೆಗೆ ಗುಂಡಿಯ ರಸ್ತೆ ಇತ್ತು, ನಲವತ್ತರಲ್ಲಿ ಹೋದರೆ ಸಾಕಿತ್ತು. ಈಗ ಅದೇ ರಸ್ತೆ ನುಣುಪಾಗಿದೆ, ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯುತ್ತದೆ, ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಮರಳು ಲಾರಿಯ ಹಿಂದೆ ಹೊಗೆ ಕುಡಿಯುತ್ತ ತೆವಳಬೇಕು. 5.38ರ ಡಿಫರೆನ್ಷಿಯಲ್ಲಿನ ಜೀಪು 2,000 ಆರ್‌ಪಿಎಂನಲ್ಲಿ ಟಾಪ್ ಗೇರಿನಲ್ಲಿ ಓಡುವುದು ಗಂಟೆಗೆ ಸುಮಾರು 50 ಕಿಲೋಮೀಟರ್. 80ಕ್ಕೆ ಹೋಗಬೇಕೆಂದರೆ 3,200 ಮೀರಬೇಕು. ಒಳಗೆ ಕೂತವರು ಮಾತಾಡಲು ಕೂಗಬೇಕು. ಹೊಸ ಎಂಜಿನ್ ಬೇಕೆನಿಸುವುದು ಇಲ್ಲಿ.

ಆದರೆ ಇಲ್ಲೂ ಎಂಜಿನ್ ಒಂದೇ ಉತ್ತರವಲ್ಲ. ಆ ಗದ್ದಲ ಗೇರಿನದು. ಐದು ಗೇರಿನ ಬಾಕ್ಸ್ ಹಾಕಿದರೆ, ಇಲ್ಲವೇ ಡಿಫರೆನ್ಷಿಯಲ್ ಅನುಪಾತ ಬದಲಿಸಿದರೆ ಅದೇ ಎಂಜಿನ್ ಅದೇ ವೇಗಕ್ಕೆ ಕಡಿಮೆ ಸುತ್ತುತ್ತದೆ. ಇನ್ನು 100ಕ್ಕೆ ಓಡಿಸಬಲ್ಲ ಎಂಜಿನ್ ಹಾಕಿದಿರಿ ಎನ್ನಿ. ನಿಲ್ಲಿಸುವುದು ಯಾರು? ನಾಲ್ಕೂ ಕಡೆ ಡ್ರಮ್ ಬ್ರೇಕು, ಎಷ್ಟೋ ಗಾಡಿಗಳಲ್ಲಿ ಒಂದೇ ಸರ್ಕ್ಯೂಟು, ಗಿಡ್ಡ ವೀಲ್‌ಬೇಸು, ಪಟ್ಟೆಯ ಸಸ್ಪೆನ್ಷನ್ನು, ಒಂದು ಅಂಗುಲ ಪ್ಲೇ ಇರುವ ಸ್ಟೀರಿಂಗು. ಶಕ್ತಿ ಹೆಚ್ಚಿಸಿದ ಮೇಲೆ ಡಿಸ್ಕ್ ಬ್ರೇಕು, ಸ್ಟೀರಿಂಗ್ ಬಾಕ್ಸು, ಆಕ್ಸಲ್ಲು ಎಂದು ಸರಣಿ ಶುರುವಾಗುತ್ತದೆ. ಕೊನೆಗೆ ಉಳಿಯುವ ಹಳೆಯದು ಬಾನೆಟ್ಟು ಮತ್ತು ನಂಬರ್ ಪ್ಲೇಟು. ಅಷ್ಟು ದುಡ್ಡಿಗೆ ಹೆದ್ದಾರಿಗೆಂದೇ ಒಂದು ಸೆಕೆಂಡ್ ಹ್ಯಾಂಡ್ ಕಾರು ಬರುತ್ತದೆ. ಎರಡು ಗಾಡಿ ಇಡುವ ತಾಕತ್ತು ಎಲ್ಲರಿಗೂ ಇಲ್ಲ ಎಂಬುದು ನಿಜ. ಎರಡೋ ಮೂರೋ ಎಕರೆಯ ಸಣ್ಣ ಬೆಳೆಗಾರನಿಗೆ ಗೊಬ್ಬರ ಹೊರುವುದೂ ಜೀಪೇ, ಮಗಳ ಮದುವೆಗೆ ಹೋಗುವುದೂ ಜೀಪೇ. ಅಂಥವರಿಗೆ ನಾನು ಹೇಳುವುದು ಡಿಐ ಎಂಜಿನ್, ಐದು ಗೇರು, ಗಟ್ಟಿ ಬ್ರೇಕು ಮತ್ತು 70ರ ಮಿತಿ.

ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಇದೆ: ಎಂಜಿನ್ ನಿಜವಾಗಿ ಹೋಗಿದೆಯೇ? ಮರಣದಂಡನೆ ಕೊಡುವಾಗ ನಮ್ಮಲ್ಲಿ ತನಿಖೆ ತೀರಾ ಕಡಿಮೆ. ಎಳೆಯುವುದಿಲ್ಲ, ಹೊಗೆ ಬರುತ್ತದೆ, ಅಷ್ಟಕ್ಕೇ ಎಂಜಿನ್ ಇಳಿಸಿ ಎನ್ನುತ್ತಾರೆ. ಹೊಗೆಯ ಬಣ್ಣವನ್ನೂ ಸರಿಯಾಗಿ ನೋಡಿರುವುದಿಲ್ಲ. ಕಪ್ಪು ಹೊಗೆ ಎಂದರೆ ಡೀಸೆಲ್ಲಿಗೆ ತಕ್ಕ ಗಾಳಿ ಇಲ್ಲ. ಏರ್ ಫಿಲ್ಟರ್ ಕಟ್ಟಿರಬಹುದು, ನಾಝಲ್ ಹನಿಸುತ್ತಿರಬಹುದು, ಪಂಪು ಹೆಚ್ಚು ಬಿಡುತ್ತಿರಬಹುದು. ನೀಲಿ ಎಂದರೆ ಆಯಿಲ್ ಸುಡುತ್ತಿದೆ, ಅದು ರಿಂಗು ಅಥವಾ ವಾಲ್ವ್ ಗೈಡಿನ ಮಾತು. ಬೆಳಗಿನ ಬಿಳಿ ಹೊಗೆ ಹೀಟರ್ ಪ್ಲಗ್ಗಿನದೋ ಟೈಮಿಂಗಿನದೋ ಇರಬಹುದು; ಬಿಸಿಯಾದ ಮೇಲೂ ನಿಲ್ಲದೆ ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ ಗ್ಯಾಸ್ಕೆಟ್ಟೋ ಹೆಡ್ಡೋ. ಎಳೆತ ಇಲ್ಲದಿರುವುದಕ್ಕೆ ಟ್ಯಾಂಕಿನ ತುಕ್ಕು ಪೈಪಿಗೆ ಕೂತದ್ದೂ ಕಾರಣವಾಗಬಹುದು, ಹಿಂದಿನ ಬ್ರೇಕು ಡ್ರಮ್ಮಿಗೆ ಅಂಟಿಕೊಂಡದ್ದೂ ಆಗಬಹುದು. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು, ಅಲ್ಲಿಂದ ಬುಸುಬುಸು ಹೊಗೆ ಎಷ್ಟು ಏಳುತ್ತದೆ ನೋಡಿ, ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆದರೆ ಅರ್ಧ ದಿನದ ಕೆಲಸದಲ್ಲಿ ಸತ್ಯ ಹೊರಬೀಳುತ್ತದೆ. ಪಂಪು ಮಾಡಿದ ತಪ್ಪಿಗೆ ಇಡೀ ಎಂಜಿನ್ ಗುಜರಿಗೆ ಹೋಗುವುದು ಅಪರೂಪವೇನಲ್ಲ.

ನಿಜವಾಗಿ ಸವೆದಿದ್ದರೂ ಬೋರಿಂಗ್ ಮಾಡಿಸಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ, ಹೊಸ ಪಿಸ್ಟನ್ನು ಬೇರಿಂಗು ಹಾಕುವುದು ಮೊದಲ ಆಯ್ಕೆ ಎಂದು ನಾನು ಹೇಳುವುದು ಹಳೆಯದರ ಮೋಹದಿಂದಲ್ಲ. ಈ ಎಂಜಿನ್ ಈ ಚಾಸಿಯಲ್ಲಿ ಹೇಗೆ ಕೂರುತ್ತದೆ ಎಂದು ಕಾರ್ಖಾನೆ ಈಗಾಗಲೇ ಯೋಚಿಸಿ ಮುಗಿಸಿದೆ. ಹೊರಗಿನ ಎಂಜಿನ್ ತಂದ ದಿನ ಆ ಯೋಚನೆಯೆಲ್ಲ ನಿಮ್ಮ ಮೆಕ್ಯಾನಿಕ್ಕಿನ ತಲೆಗೆ ವರ್ಗವಾಗುತ್ತದೆ. ಒಂದು ಜಾಗವನ್ನು ಹತ್ತಿರದಿಂದ ನೋಡೋಣ. ಎಂಜಿನ್ನಿನ ಹಿಂಭಾಗಕ್ಕೂ ಗೇರ್‌ಬಾಕ್ಸಿನ ಮುಂಭಾಗಕ್ಕೂ ಬೋಲ್ಟಿನ ತೂತುಗಳು ಹೊಂದುವುದಿಲ್ಲ. ನಡುವೆ ಒಂದು ಅಡಾಪ್ಟರ್ ಪ್ಲೇಟು ಬೇಕು. ಪ್ಲೇಟು ಕಡಿದು ತೂತು ಕೊರೆಯುವುದು ಲೇತ್ ಇರುವ ಯಾರಿಗೂ ಬರುತ್ತದೆ. ಆದರೆ ಕ್ರ್ಯಾಂಕಿನ ಕೇಂದ್ರವೂ ಗೇರ್‌ಬಾಕ್ಸಿನ ಮೇನ್ ಡ್ರೈವಿನ ಕೇಂದ್ರವೂ ಒಂದೇ ಗೆರೆಯಲ್ಲಿ ಬರಬೇಕು. ವ್ಯತ್ಯಾಸ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದೊಳಗೆ ಇರಬೇಕು. ಅದನ್ನು ನೋಡಲು ಫ್ಲೈವೀಲಿಗೆ ಡಯಲ್ ಗೇಜ್ ಕಟ್ಟಿ, ಕ್ರ್ಯಾಂಕನ್ನು ಕೈಯಲ್ಲಿ ನಿಧಾನ ತಿರುಗಿಸುತ್ತ, ಹೌಸಿಂಗಿನ ತೂತಿನ ಅಂಚಿನಲ್ಲಿ ಮುಳ್ಳು ಎಷ್ಟು ಅಲುಗುತ್ತದೆ ಎಂದು ಓದಬೇಕು. ‘ಕಣ್ಣಂದಾಜಿಗೆ ಸರಿ ಇದೆ ಸಾರ್’ ಎಂದು ಬೋಲ್ಟ್ ಬಿಗಿದರೆ ಮೊದಲ ವಾರ ಏನೂ ಗೊತ್ತಾಗದು. ಕೆಲವು ತಿಂಗಳಲ್ಲಿ ಪೈಲಟ್ ಬುಷ್ಷು ಸವೆದು, ಕ್ಲಚ್ಚು ಅದುರಿ, ಗೇರು ತಾನಾಗಿ ಜಾರತೊಡಗುತ್ತದೆ. ಆಗ ಬೈಗಳು ತಿನ್ನುವುದು ಗೇರ್‌ಬಾಕ್ಸು.

ಇದು ಒಂದು ಜಾಗ. ಇಂಥವು ಇನ್ನೂ ಎಷ್ಟೋ. ಸಂಪು ಮುಂದಿನ ಆಕ್ಸಲ್ಲಿಗೆ ತಾಗುತ್ತದೆಯೇ ಎಂಬುದು ಗಾಡಿ ನಿಂತಾಗ ಗೊತ್ತಾಗದು. ಪಟ್ಟೆ ಪೂರ್ತಿ ಒತ್ತಿದಾಗ, ಅಂದರೆ ಹಳ್ಳ ಹಾರಿದಾಗ ಗೊತ್ತಾಗುತ್ತದೆ. ಫ್ಯಾನು ರೇಡಿಯೇಟರಿನ ನಡುಮಧ್ಯಕ್ಕೆ ಬರದೆ ಒಂದು ಮೂಲೆಗೆ ಗಾಳಿ ಹೊಡೆಯುತ್ತದೆ. ಕೊಡಚಾದ್ರಿಗೆ ಜನರನ್ನು ಹತ್ತಿಸುವ ಜೀಪುಗಳನ್ನು ಗಮನಿಸಿ. ನಡೆದಷ್ಟೇ ವೇಗದಲ್ಲಿ, ಎಂಜಿನ್ ಮೇಲೆ ಭಾರ ಹಾಕಿಕೊಂಡು ಬಹಳ ಹೊತ್ತು ಹತ್ತಬೇಕು. ಎದುರುಗಾಳಿ ತಂಪು ಮಾಡುತ್ತದೆ ಎನ್ನುವ ಹಾಗಿಲ್ಲ, ಫ್ಯಾನೊಂದೇ ಗತಿ. ಪೇಟೆಯಲ್ಲಿ ಟ್ರಯಲ್ ನೋಡಿ ‘ಕೂಲಿಂಗ್ ಸರಿ ಇದೆ’ ಎಂದ ಹೊಸ ಎಂಜಿನ್ ಇಂಥ ಏರಿನ ಅರ್ಧದಲ್ಲಿ ಕುದಿಯುತ್ತದೆ.

ಇನ್ನು ಕಾಮನ್ ರೈಲ್ ಎಂಜಿನ್ನುಗಳ ಮಾತು. ಅವು ಉತ್ತಮ ಎಂಜಿನ್ನುಗಳು, ಅದರಲ್ಲಿ ಎರಡು ಮಾತಿಲ್ಲ. ಕಡಿಮೆ ಕುಡಿಯುತ್ತವೆ, ಹೊಗೆ ಕಡಿಮೆ, ಸದ್ದು ಕಡಿಮೆ. ಆದರೆ ಅವು ತಾವೊಂದೇ ಬರುವುದಿಲ್ಲ. ಇಸಿಯು, ಹತ್ತಾರು ಸೆನ್ಸರು, ವೈರಿಂಗಿನ ಒಂದು ಬಳ್ಳಿ, ಎಷ್ಟೋ ಸಲ ಕೀಲಿಯೊಳಗಿನ ಚಿಪ್ಪು, ಇವೆಲ್ಲ ಅವಿಭಕ್ತ ಕುಟುಂಬದಂತೆ ಜತೆಯಲ್ಲೇ ಇಳಿಯಬೇಕು. ಅದರಲ್ಲಿ ಒಂದು ಮುನಿಸಿಕೊಂಡರೂ ಎಂಜಿನ್ ಹೊರಡದು. ಹಳೆಯ ಯಾಂತ್ರಿಕ ಪಂಪಿನ ಡೀಸೆಲ್ಲಿಗೆ ಒಮ್ಮೆ ಹೊರಟ ಮೇಲೆ ಕರೆಂಟಿನ ಹಂಗು ಇಲ್ಲವೆನ್ನುವಷ್ಟು ಕಡಿಮೆ. ಮಲೆನಾಡಿನ ಮನೆಗಳಲ್ಲಿ ಜೀಪನ್ನು ಅಂಗಳದ ಇಳಿಜಾರಿಗೆ ಮೂತಿ ಮಾಡಿ ನಿಲ್ಲಿಸುವ ರೂಢಿ ನೋಡಿದ್ದೀರಲ್ಲ? ಬ್ಯಾಟರಿ ಸತ್ತರೂ ನೂಕಿ, ಎರಡನೇ ಗೇರಿಗೆ ಕ್ಲಚ್ ಬಿಟ್ಟರೆ ಹೊರಡುತ್ತದೆ. ಆಷಾಢದ ಮಳೆಯಲ್ಲಿ, ಮೂರು ದಿನ ಕರೆಂಟಿಲ್ಲದ ಊರಿನಲ್ಲಿ, ಹೆರಿಗೆ ನೋವಿನ ಹೆಂಗಸನ್ನು ಆಸ್ಪತ್ರೆಗೆ ಒಯ್ಯಬೇಕಾದಾಗ ಈ ಗುಣಕ್ಕೆ ಬೆಲೆ ಕಟ್ಟುವುದು ಹೇಗೆ? ಕಾರ್ಖಾನೆ ಕೂರಿಸಿದ ಕಾಮನ್ ರೈಲ್ ಗಾಡಿ ಮಳೆ ನೀರಿಗೆ ಅಂಜುವುದಿಲ್ಲ, ಅದರ ಕನೆಕ್ಟರುಗಳ ಜಾಗ, ಮುಚ್ಚಳ ಎಲ್ಲ ಯೋಚಿಸಿಯೇ ಇಟ್ಟಿರುತ್ತಾರೆ. ಗ್ಯಾರೇಜಿನಲ್ಲಿ ಇನ್ಸುಲೇಷನ್ ಟೇಪು ಸುತ್ತಿ ಡ್ಯಾಶ್‌ಬೋರ್ಡಿನಡಿ ತುರುಕಿದ ಇಸಿಯುಗೆ ಆ ಭಾಗ್ಯವಿಲ್ಲ.

ಬಿಡಿಭಾಗದ ಮಾತಿಗೆ ಇಸುಜು ಎಂಜಿನ್ನಿನ ಕತೆ ಒಳ್ಳೆಯ ಪಾಠ. ಎಂಬತ್ತರ ದಶಕದಲ್ಲಿ ಹಿಂದುಸ್ತಾನ್ ಮೋಟಾರ್ಸ್ ತನ್ನ ಕಾಂಟೆಸಾಗೆ ಇಸುಜುವಿನ 1.8 ಲೀಟರ್ ಪೆಟ್ರೋಲ್ ಎಂಜಿನ್ ಹಾಕಿತು, ಆಮೇಲೆ 2 ಲೀಟರಿನ ಡೀಸೆಲ್ಲೂ ಬಂತು. ನಯವಾದ, ಗಟ್ಟಿಮುಟ್ಟಾದ ಎಂಜಿನ್ನುಗಳು. ಜೀಪಿಗೆ ಅವನ್ನು ಇಳಿಸಿಕೊಂಡವರು ಆಗ ಜಾಣರು ಎನಿಸಿಕೊಂಡರು, ಜಾಣರೇ ಆಗಿದ್ದರು. ಆದರೆ 2002ಕ್ಕೆ ಕಾಂಟೆಸಾ ನಿಂತಿತು, 2014ರಲ್ಲಿ ಅದೇ ಕಂಪನಿಯ ಅಂಬಾಸಡರ್ ಕೂಡ ನಿಂತಿತು. ಎಂಜಿನ್ನಿನ ಗುಣ ಹಾಗೇ ಇದೆ, ಅದರ ಹಿಂದಿದ್ದ ಊರೇ ಖಾಲಿಯಾಯಿತು. ಹೊರದೇಶದ ಗುಜರಿ ಗಾಡಿಗಳಿಂದ ಕಿತ್ತು ತಂದು ಮಾರುವ ಜಪಾನಿ ಎಂಜಿನ್ನುಗಳದ್ದಂತೂ ಇನ್ನೂ ಕಷ್ಟ. ಒಂದು ಆಯಿಲ್ ಸೀಲಿಗೆ ಊರೂರು ಅಲೆಯಬೇಕು. ಹೀಗಾಗಿ ನನ್ನದೊಂದು ಒರಟು ಸೂತ್ರವಿದೆ: ನಿಮ್ಮ ಊರಿಗೆ ಗ್ಯಾಸ್ ಸಿಲಿಂಡರು, ಕೋಳಿ, ತರಕಾರಿ ಹೊತ್ತು ಬರುವ ಪಿಕಪ್ ಗಾಡಿಯ ಬಾನೆಟ್ ಎತ್ತಿ ನೋಡಿ. ಅದರೊಳಗಿನ ಎಂಜಿನ್ನಿನ ವಂಶದ್ದೇ ನಿಮಗೆ ಬೇಕು. ಮಹೀಂದ್ರದ 2,523 ಸಿಸಿ ಎಂಜಿನ್ ಜೀಪು, ಕಮಾಂಡರ್, ಬೊಲೆರೋ ಎಂದು ದಾಟುತ್ತ ಬಂದದ್ದು. ತಾಲ್ಲೂಕು ಪೇಟೆಯ ಸಣ್ಣ ಅಂಗಡಿಯಲ್ಲೂ ಅದರ ಗ್ಯಾಸ್ಕೆಟ್ ನೇತಾಡುತ್ತಿರುತ್ತದೆ. ನೇರ ಇಂಜೆಕ್ಷನ್ನಿನದಾದ್ದರಿಂದ ಪ್ಯೂಜೋಗಿಂತ ಡೀಸೆಲ್ ಕಡಿಮೆ ಕುಡಿಯುತ್ತದೆ, ಚಳಿಯಲ್ಲಿ ಬೇಗ ಹಿಡಿಯುತ್ತದೆ. ಗಡಗಡ ಎನ್ನುತ್ತದೆ, ಒಪ್ಪೋಣ. ಜೀಪಿನಲ್ಲಿ ಸಂಗೀತ ಕೇಳುವವರು ಯಾರು?

ಬ್ರಿಟನ್ನಿನ ಲ್ಯಾಂಡ್ ರೋವರ್ ಮಾಲೀಕರು ತಮ್ಮದೇ ದಾರಿಯಲ್ಲಿ ಇದೇ ತೀರ್ಮಾನಕ್ಕೆ ಬಂದದ್ದು ಸ್ವಾರಸ್ಯದ ಸಂಗತಿ. ಅಲ್ಲಿನ ಹಳೆಯ ಸೀರೀಸ್ ಲ್ಯಾಂಡ್ ರೋವರುಗಳಿಗೆ ಜನಪ್ರಿಯ ಬದಲಿ ಎಂಜಿನ್ನೆಂದರೆ ಅದೇ ಕಂಪನಿ 1989ರಲ್ಲಿ ಡಿಸ್ಕವರಿಗೆಂದು ತಂದ 2.5 ಲೀಟರಿನ 200ಟಿಡಿಐ. ಡಿಸ್ಕವರಿಯ ಮೈ ತುಕ್ಕು ಹಿಡಿದು ಹೋಗುತ್ತಿತ್ತು, ಎಂಜಿನ್ ಗಟ್ಟಿಯಾಗಿ ಉಳಿಯುತ್ತಿತ್ತು, ಅಗ್ಗಕ್ಕೆ ಸಿಗುತ್ತಿತ್ತು. ಅಲ್ಲೂ ಸೀರೀಸ್ ಗಾಡಿಯ ಗೇರ್‌ಬಾಕ್ಸು ಮತ್ತು ಹಿಂದಿನ ಆಕ್ಸಲ್ ಶಾಫ್ಟು ಆ ಟರ್ಬೋದ ಎಳೆತಕ್ಕೆ ದುರ್ಬಲ. ಆಕ್ಸಿಲರೇಟರ್ ಮೇಲೆ ಹಗುರ ಕಾಲಿಡುವವರಿಗೆ ಅದು ಬಾಳುತ್ತದೆ, ಉಳಿದವರಿಗೆ ಇಲ್ಲ.

ಕಾನೂನಿನ ವಿಷಯದಲ್ಲಿ ನನಗೆ ಎರಡು ಮನಸ್ಸಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ಹೇಳಿದ ವಿವರಗಳಿಗೆ ಆರ್‌ಸಿಯ ವಿವರ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವ ಹಾಗಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಖಾಸಗಿ ಗಾಡಿಗೆ ನೋಂದಣಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಅಂದರೆ ಹಳೆಯ ಜೀಪಿನ ಯಜಮಾನ ಐದು ವರ್ಷಕ್ಕೊಮ್ಮೆ ಎಂಜಿನ್ ನಂಬರ್ ತೋರಿಸಲು ನಿಲ್ಲಲೇಬೇಕು. ಅದೇ ಮಾದರಿಯ ಎಂಜಿನ್ ಹಾಕಿ, ಬಿಲ್ಲು ಮತ್ತು ಎಂಜಿನ್ ಬಂದ ಗಾಡಿಯ ದಾಖಲೆ ಇಟ್ಟುಕೊಂಡು, ಮೊದಲೇ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ಮುಂದುವರಿದವನಿಗೆ ನಿದ್ದೆ ಬರುತ್ತದೆ. ಬೇರೆ ಜಾತಿಯದನ್ನು ಹಾಕಿ ಹಳೆಯ ನಂಬರ್ ಪಂಚ್ ಮಾಡಿಸಿದವನು ತಾನು ಮಾಡಿದ್ದು ಬರೀ ಜುಗಾಡ್ ಎಂದುಕೊಂಡಿರುತ್ತಾನೆ. ಅದು ಸುಳ್ಳು ದಾಖಲೆ ಸೃಷ್ಟಿಸಿದಂತೆ, ಅಪಘಾತವಾದ ದಿನ ವಿಮಾ ಕಂಪನಿಗೆ ತಕರಾರು ತೆಗೆಯಲು ತಾನೇ ಬಾಗಿಲು ತೆರೆದಿಟ್ಟಂತೆ.

ಇಷ್ಟು ಹೇಳಿಯೂ ಕಾನೂನು ಒರಟಾಗಿದೆ ಎಂಬುದನ್ನು ಹೇಳಲೇಬೇಕು. ಹೊಗೆಯುಗುಳುವ ಹಳೆಯ ಪ್ಯೂಜೋ ತೆಗೆದು ಅದೇ ಕಂಪನಿಯ ಕಡಿಮೆ ಹೊಗೆಯ ಎಂಜಿನ್ ಹಾಕುವುದಕ್ಕೂ, ಹಿಂದುಮುಂದಿಲ್ಲದ ಎಂಜಿನ್ ತಂದು ಎತ್ತರದ ಟೈರು ಹಾಕಿ ರೀಲ್ಸ್ ಮಾಡುವುದಕ್ಕೂ ಅದು ಫರಕು ಮಾಡುವುದಿಲ್ಲ. ತಯಾರಕರು ಅದೇ ಚಾಸಿಯ ಮೇಲೆ ಮುಂದಿನ ವರ್ಷಗಳಲ್ಲಿ ತಾವೇ ಹಾಕಿ ಮಾರಿದ ಎಂಜಿನ್ನುಗಳ ಒಂದು ಪಟ್ಟಿ ಮಾಡಿ, ಬ್ರೇಕು ಮತ್ತು ಹೊಗೆಯ ಪರೀಕ್ಷೆ ಪಾಸಾದರೆ ಅವಕ್ಕೆ ಅನುಮತಿ ಎಂದು ನಿಯಮ ಮಾಡಲು ಯಾವ ಅಡ್ಡಿಯೂ ನನಗೆ ಕಾಣುವುದಿಲ್ಲ. ಈಗಿನ ಸ್ಥಿತಿಯಲ್ಲಿ ಪ್ರಾಮಾಣಿಕನಾಗಿ ಕೇಳಿದವನಿಗೆ ‘ಆಗುವುದಿಲ್ಲ’ ಎಂಬ ಉತ್ತರ ಸಿಗುತ್ತದೆ, ಕೇಳದೆ ಮಾಡಿದವನ ಗಾಡಿ ಓಡುತ್ತಿರುತ್ತದೆ. ಅದೇ ಕಲಂ ಅನುಮೋದಿತ ಕಿಟ್ ಬಳಸಿ ಬ್ಯಾಟರಿ, ಸಿಎನ್‌ಜಿಯಂಥವಕ್ಕೆ ಬದಲಾಯಿಸಲು ದಾರಿ ಬಿಟ್ಟಿದೆ. ತೋಟದ ಗೇಟು ದಾಟದ, ದಿನಕ್ಕೆ ನಾಲ್ಕಾರು ಕಿಲೋಮೀಟರ್ ತೆವಳುವ ಜೀಪಿಗೆ ಎಲೆಕ್ಟ್ರಿಕ್ ಮೋಟಾರು ನಿಜಕ್ಕೂ ಹೇಳಿಮಾಡಿಸಿದಂತೆ, ಏಕೆಂದರೆ ಅದು ನಿಂತಲ್ಲಿಂದಲೇ ಪೂರ್ತಿ ಜಗ್ಗುತ್ತದೆ. ನಿಮ್ಮ ಮಾದರಿಗೆ ಅನುಮೋದಿತ ಕಿಟ್ ಇದ್ದರೆ ಯೋಚಿಸಬಹುದು. ಮಳೆಗಾಲದಲ್ಲಿ ಚಾರ್ಜ್ ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಇಟ್ಟುಕೊಂಡು.

ಡಿಐ ಕೊಳ್ಳಲು ಹೊರಟವರಿಗೆ ಒಂದು ಮಾತು. ನೆಲದ ಮೇಲೆ ಬಣ್ಣ ಬಳಿದು ಇಟ್ಟ ಎಂಜಿನ್ ಕೊಳ್ಳಬೇಡಿ, ಆದಷ್ಟು ಮಟ್ಟಿಗೆ ಗಾಡಿಯಲ್ಲೇ ಓಡುತ್ತಿರುವುದನ್ನು ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ನೋಡಿ. ಮಾರುವವರು ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಅದಕ್ಕೊಂದು ಕಾರಣ ಇರುತ್ತದೆ. ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಆಯಿಲ್ ಪ್ರೆಷರ್ ಎಷ್ಟಿದೆ ನೋಡಿ. ಕ್ರ್ಯಾಂಕ್ ಪುಲ್ಲಿಯನ್ನು ಹಿಂದೆ ಮುಂದೆ ಜಗ್ಗಿ ಆಟ ಇದೆಯೇ ನೋಡಿ. ಪಂಪು, ಆಲ್ಟರ್ನೇಟರು, ಸ್ಟಾರ್ಟರು, ಮೌಂಟಿಂಗ್, ಬೆಲ್ ಹೌಸಿಂಗ್ ಎಲ್ಲ ಒಟ್ಟಿಗೆ ತನ್ನಿ; ಬಿಟ್ಟುಬಂದ ಒಂದು ಬ್ರಾಕೆಟ್ಟಿಗೆ ಮತ್ತೆ ಅಲೆಯುವುದು ಬೇಡ. ಬಿಲ್ಲಿನಲ್ಲಿ ಎಂಜಿನ್ ನಂಬರ್ ಬರೆಸಿಕೊಳ್ಳಿ.

ಮತ್ತೆ, ಇಳಿಸಿದ ಹಳೆಯ ಎಂಜಿನ್ನನ್ನು ಗುಜರಿಯವನಿಗೆ ತೂಕಕ್ಕೆ ಕೊಡಬೇಡಿ. ಅವನು ಕೊಡುವ ಕಾಸು ಒಂದು ಕ್ಲಚ್ ಪ್ಲೇಟಿಗೂ ಸಾಲದು. ಆರ್‌ಸಿ ಪುಸ್ತಕದಲ್ಲಿರುವ ನಂಬರ್ ಕೊರೆದಿರುವುದು ಆ ಬ್ಲಾಕಿನ ಮೇಲೆ. ಹಳೆಯ ಜೀಪು ಹುಡುಕಿಕೊಂಡು ಬರುವವರು ಮೊದಲು ಕೇಳುವುದು ಅದನ್ನೇ, ಬೆಲೆಯೂ ಅದರ ಮೇಲೆ ನಿಲ್ಲುತ್ತದೆ. ಸಿಲಿಂಡರಿಗೆ ಆಯಿಲ್ ಬಿಟ್ಟು, ನಾಝಲ್ ತೂತುಗಳಿಗೆ ಬಿರಡೆ ಹೊಡೆದು, ತಾಡಪಾಲು ಸುತ್ತಿ ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಿ. ಅನುಮತಿ ಸಿಗದೆ ವಾಪಸ್ ಹಾಕಬೇಕಾಗಿ ಬಂದರೂ ಬೇಕು, ಮಾರುವ ದಿನ ಬಂದರೂ ಬೇಕು.